ಗುಜರಿಗೆ ಹಾಕುವ ಮುನ್ನ: ಲಿನಕ್ಸ್ ಬಗ್ಗೆ ಖರಾಡಿಯ ಓದುಗರು ಕೇಳಿದ್ದು

ಪುಣೆಯ ಪೂರ್ವದಂಚಿನ ಖರಾಡಿ, ಅದಕ್ಕೆ ಹೊಂದಿಕೊಂಡ ಚಂದನನಗರ, ವಾಘೋಲಿಗಳ ಕನ್ನಡಿಗರಿಂದ ಈ ಸಲ ಬಂದ ಪತ್ರಗಳೆಲ್ಲ ಒಂದೇ ವಿಷಯ ಹಿಡಿದಿವೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಮನೆಯಲ್ಲಿರುವ ಕಂಪ್ಯೂಟರಿನ ಗತಿ ಏನು, ಲಿನಕ್ಸ್ ಹಾಕಿಕೊಂಡರೆ ನಡೆಯುತ್ತದೆಯೆ ಎನ್ನುವುದು ಎಲ್ಲರ ಚಿಂತೆ. ಇಯಾನ್ ಐಟಿ ಪಾರ್ಕಿನಲ್ಲಿ ದಿನವಿಡೀ ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವವರು ಕೂಡ ಮನೆಯ ಲ್ಯಾಪ್‌ಟಾಪಿನ ಮಾತು ಬಂದಾಗ ಹಿಂಜರಿದಿದ್ದಾರೆ. ಹೆಸರು ಬೇಡವೆಂದು ಕೆಲವರು ಕೇಳಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ಸರ್, ನಮಸ್ಕಾರ. ವಿಜಯಪುರ ಜಿಲ್ಲೆಯಲ್ಲಿ ಮಾಸ್ತರನಾಗಿದ್ದು ನಿವೃತ್ತನಾದ ಮೇಲೆ ಮಗನ ಜೊತೆ ಖರಾಡಿಯಲ್ಲಿದ್ದೇನೆ. 2018ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಕೋರ್ ಐ5, ಏಳನೇ ತಲೆಮಾರು, 8 ಜಿಬಿ ರ‍್ಯಾಮ್. ಇವತ್ತಿಗೂ ಒಂದು ಗೀರು ಬಿದ್ದಿಲ್ಲ. ಆದರೆ ವಿಂಡೋಸ್ 11 ಇದರಲ್ಲಿ ಕೂರುವುದಿಲ್ಲ ಎಂದು ಪರದೆಯ ಮೇಲೆ ಬರುತ್ತದೆ. ಅಂಗಡಿಯವರು "ಹೊಸದು ತಗೊಳ್ಳಿ ಕಾಕಾ" ಅನ್ನುತ್ತಾರೆ. ನಾನು ಮಾಡುವುದು ಪೇಪರ್ ಓದುವುದು, ಬ್ಯಾಂಕಿನ ವ್ಯವಹಾರ, ಯೂಟ್ಯೂಬಿನಲ್ಲಿ ಸಂಗೀತ, ಮೊಮ್ಮಗನಿಗೆ ಒಂದಿಷ್ಟು ಲೆಕ್ಕ ಬರೆದು ಪ್ರಿಂಟ್ ತೆಗೆಯುವುದು, ಇಷ್ಟೆ. ಇಷ್ಟಕ್ಕಾಗಿ ಹೊಸದು ಕೊಳ್ಳಬೇಕೆ?
(ನಿವೃತ್ತ ಶಿಕ್ಷಕರು, ಖರಾಡಿ)

ಉತ್ತರ: ಬೇಡ ಗುರುಗಳೆ. ನಿಮ್ಮ ಲ್ಯಾಪ್‌ಟಾಪಿಗೆ ಏನೂ ಆಗಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ಮೇಲಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು ಎಂದು ಮೈಕ್ರೋಸಾಫ್ಟ್ 2021ರಲ್ಲೇ ಗೆರೆ ಎಳೆಯಿತು. ನಿಮ್ಮದು ಆ ಗೆರೆಗೆ ಒಂದೇ ಮೆಟ್ಟಿಲು ಕೆಳಗೆ ನಿಂತಿದೆ. ಯಂತ್ರ ಸವೆದಾಗ ಬದಲಿಸುವುದು ಸರಿ. ಕಂಪನಿಯೊಂದರ ಪಟ್ಟಿಯಲ್ಲಿ ಹೆಸರಿಲ್ಲವೆಂದು ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಕೊಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಸದ್ಯಕ್ಕೆ ಉಸಿರಾಡಲು ಸಮಯ ಬೇಕೆಂದರೆ ಮೈಕ್ರೋಸಾಫ್ಟ್‌ನದೇ ಒಂದು ವ್ಯವಸ್ಥೆ ಇದೆ. ಅವರ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್‌ಗಳನ್ನು ಅವರ ಕ್ಲೌಡಿಗೆ ಬ್ಯಾಕಪ್ ಮಾಡಲು ಒಪ್ಪಿದರೆ ಭದ್ರತಾ ತೇಪೆಗಳು 2026ರ ಅಕ್ಟೋಬರ್ 13ರವರೆಗೆ ದುಡ್ಡಿಲ್ಲದೆ ಬರುತ್ತವೆ. ಬ್ಯಾಕಪ್ ಬೇಡ ಎನ್ನುವವರು 30 ಡಾಲರ್ ಕೊಟ್ಟೂ ಪಡೆಯಬಹುದು. ತಡೆಯನ್ನು ತಪ್ಪಿಸಿ ವಿಂಡೋಸ್ 11 ತುರುಕುವ ಉಪಾಯಗಳೂ ಇವೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುವ ಖಾತರಿ ಇಲ್ಲ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಆ ಸಾಹಸ ಬೇಡ.

ನೀವು ಬರೆದ ಕೆಲಸಗಳೆಲ್ಲ ಬ್ರೌಸರಿನಲ್ಲಿ ಮುಗಿಯುವಂಥವು. ಲೆಕ್ಕದ ಹಾಳೆಗೆ ಲಿಬ್ರೆ ಆಫೀಸ್ ಸಾಕು. ಹಾಗಾಗಿ ನಿಮಗೆ ಲಿನಕ್ಸ್ ಮಿಂಟ್ ಎಂಬ ಬಗೆಯನ್ನು, ಅದರಲ್ಲೂ 'ಸಿನಮನ್' ಆವೃತ್ತಿಯನ್ನು ಹೇಳುತ್ತೇನೆ. ಕೆಳಗಡೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ, ಎಲ್ಲ ಕೈಗೆ ರೂಢಿಯಾದ ಜಾಗದಲ್ಲೇ ಸಿಗುತ್ತವೆ. ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ.

ಹಾಕುವ ಮೊದಲು ನೋಡಿಬಿಡಿ. ಮಿಂಟ್‌ನ ಸ್ವಂತ ಜಾಲತಾಣದಿಂದ ಐಎಸ್‌ಒ ಕಡತ ಇಳಿಸಿಕೊಂಡು, ರೂಫಸ್ ಅಥವಾ ಬಲೇನಾ ಎಚರ್ ಎಂಬ ತಂತ್ರಾಂಶದಿಂದ 8 ಜಿಬಿಯ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ. ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚುವಾಗ ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿ ಪೆನ್‌ಡ್ರೈವನ್ನು ಆರಿಸಿಕೊಂಡರೆ ಲಿನಕ್ಸ್ ತೆರೆದುಕೊಳ್ಳುತ್ತದೆ. ನೀವಾಗಿ 'ಇನ್‌ಸ್ಟಾಲ್' ಒತ್ತುವವರೆಗೆ ಒಳಗಿನ ವಿಂಡೋಸಿಗೆ ಏನೂ ಆಗುವುದಿಲ್ಲ. ಬಾಡಿಗೆ ಮನೆ ಹಿಡಿಯುವ ಮುನ್ನ ನಲ್ಲಿ ತಿರುಗಿಸಿ, ಸ್ವಿಚ್ ಹಾಕಿ ನೋಡುವಂತೆ ಇಲ್ಲೂ ಒಂದೊಂದನ್ನೇ ನೋಡಿ: ವೈಫೈ ಹಿಡಿಯುತ್ತದೆಯೆ, ಧ್ವನಿ ಬರುತ್ತದೆಯೆ, ಕ್ಯಾಮೆರಾ, ಟಚ್‌ಪ್ಯಾಡ್, ಪರದೆಯ ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೆ. ಪೆನ್‌ಡ್ರೈವಿನಿಂದ ನಡೆಯುವಾಗ ನಿಧಾನ ಸಹಜ, ಅದನ್ನು ನೋಡಿ ನಿರಾಶರಾಗಬೇಡಿ.

ಎಲ್ಲ ಸರಿ ಎನಿಸಿದರೆ ಫೋಟೊ, ಕಾಗದಪತ್ರಗಳನ್ನು ಹೊರಗಿನ ಡಿಸ್ಕಿಗೆ ಹಾಕಿಟ್ಟು ಆಮೇಲೆ ಇನ್‌ಸ್ಟಾಲ್ ಮಾಡಿ. ಒಂದು ಮಾತು ಒತ್ತಿ ಹೇಳುತ್ತೇನೆ: ನಿಮ್ಮದರಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ವಿಚಾರಿಸಬಹುದು. ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಮುಗಿಯುತ್ತದೆ. ಹಳೆಯ ಯಂತ್ರಕ್ಕೆ ವೇಗ ತರುವುದರಲ್ಲಿ ಲಿನಕ್ಸ್ ಮಾಡುವುದಕ್ಕಿಂತ ಹೆಚ್ಚಿನ ಕೆಲಸವನ್ನು ಅದು ಮಾಡುತ್ತದೆ. ತೆಗೆದ ಹಳೆಯ ಡಿಸ್ಕನ್ನು ಹಾಗೆಯೇ ಎತ್ತಿಟ್ಟರೆ ನಿಮ್ಮ ವಿಂಡೋಸ್, ಕಡತ ಎಲ್ಲವೂ ಅದರಲ್ಲಿ ಉಳಿದಿರುತ್ತವೆ.

ಪ್ರಶ್ನೆ: ಪುಕ್ಕಟೆ ಕೊಡುವವರು ನಮ್ಮಿಂದ ಏನಾದರೂ ಕಿತ್ತುಕೊಳ್ಳದೆ ಇರುತ್ತಾರೆಯೆ? ಆಂಟಿವೈರಸ್ ಕೂಡ ಬೇಡ ಅನ್ನುತ್ತಾರೆ, ನಂಬಿಕೆ ಬರುತ್ತಿಲ್ಲ.
(ಗೃಹಿಣಿ, ಚಂದನನಗರ)

ಉತ್ತರ: ಅನುಮಾನ ಪಡುವುದು ಒಳ್ಳೆಯದೇ ಅಮ್ಮಾ. ಲಿನಕ್ಸನ್ನು 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆಯತೊಡಗಿದರು. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇವತ್ತು ಅದನ್ನು ಬೆಳೆಸುತ್ತಿರುವವರಲ್ಲಿ ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳ ಸಂಬಳದ ಎಂಜಿನಿಯರುಗಳೇ ಬಹಳ, ಏಕೆಂದರೆ ಅವರ ವ್ಯಾಪಾರ ಅದರ ಮೇಲೆ ನಿಂತಿದೆ. ರೆಡ್ ಹ್ಯಾಟ್ ಒಂದನ್ನೇ ಐಬಿಎಂ 2019ರಲ್ಲಿ 34 ಶತಕೋಟಿ ಡಾಲರಿಗೆ ಕೊಂಡಿತು. ಮಿಂಟ್ ನಡೆಯುವುದು ಬಳಕೆದಾರರ ದೇಣಿಗೆ, ಪ್ರಾಯೋಜಕರ ನೆರವಿನಿಂದ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಲಿನಕ್ಸ್ ಬಿಟ್ಟು ಬೇರೆ ಇಲ್ಲ. ನಿಮ್ಮ ಊರಿನಲ್ಲೇ ಪ್ರಧಾನ ಕಚೇರಿ ಇರುವ ಸಿ-ಡ್ಯಾಕ್ ಸಂಸ್ಥೆ ಸರ್ಕಾರಿ ಬಳಕೆಗೆಂದು 'ಬಾಸ್' ಹೆಸರಿನ ಲಿನಕ್ಸನ್ನು 2007ರಲ್ಲಿ ಹೊರತಂದಿತು.

ಹಾಗೆಂದು ಕಣ್ಣು ಮುಚ್ಚಿ ನಂಬಿ ಎನ್ನುತ್ತಿಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ಕಳ್ಳರು ನುಗ್ಗಿ, ಇಳಿಸಿಕೊಳ್ಳುವ ಕಡತದಲ್ಲಿ ಹಿಂಬಾಗಿಲು ಇಟ್ಟಿದ್ದರು. ಬೇಗ ಪತ್ತೆಯಾಯಿತು. ಅದಕ್ಕೇ ಇಳಿಸಿಕೊಂಡ ಕಡತದ 'ಚೆಕ್‌ಸಮ್' ತಾಳೆ ನೋಡುವ ಕ್ರಮವನ್ನು ಅವರ ತಾಣದಲ್ಲಿ ಹೇಳಿದ್ದಾರೆ. ಹತ್ತು ನಿಮಿಷ ಹೋದರೂ ಮಾಡಿ. ಆಂಟಿವೈರಸ್ ಮನೆಬಳಕೆಗೆ ಬೇಕಾಗುವುದಿಲ್ಲ, ತಂತ್ರಾಂಶಗಳನ್ನು ಮಿಂಟ್‌ನ 'ಸಾಫ್ಟ್‌ವೇರ್ ಮ್ಯಾನೇಜರ್' ಒಳಗಿನಿಂದ ಹಾಕಿಕೊಂಡು, ಅಪ್‌ಡೇಟ್ ಬಂದಾಗ ಬಂದಾಗ ಒಪ್ಪಿದರೆ ಸಾಕು. ಆದರೆ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವ ಕರೆಯಿಂದ, ಒಟಿಪಿ ಕೇಳುವವರಿಂದ ಯಾವ ಆಪರೇಟಿಂಗ್ ಸಿಸ್ಟಮ್ಮೂ ಕಾಪಾಡುವುದಿಲ್ಲ.

ಪ್ರಶ್ನೆ: ನಮ್ಮ ಕನ್ನಡ ಬಳಗದ ಕರಪತ್ರ, ರಾಜ್ಯೋತ್ಸವದ ಸ್ಮರಣ ಸಂಚಿಕೆ ಎಲ್ಲ ನಾನೇ ಟೈಪ್ ಮಾಡುವುದು. ಇಪ್ಪತ್ತು ವರ್ಷದಿಂದ 'ನುಡಿ' ಬಿಟ್ಟು ಬೇರೆ ಗೊತ್ತಿಲ್ಲ. ಲಿನಕ್ಸಿನಲ್ಲಿ ನುಡಿ ಸಿಗುವುದಿಲ್ಲವಂತೆ. ಹಳೆಯ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ ಎಂದು ಗೆಳೆಯರೊಬ್ಬರು ಹೆದರಿಸಿದ್ದಾರೆ. ನಾನು ವಿಂಡೋಸಿಗೇ ಅಂಟಿಕೊಳ್ಳಬೇಕೆ?
(ಬಳಗದ ಕಾರ್ಯದರ್ಶಿ, ಖರಾಡಿ)

ಉತ್ತರ: ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ. ತೊಂದರೆ ಇರುವುದು ಲಿನಕ್ಸಿನಲ್ಲಲ್ಲ, ನಾವು ಕನ್ನಡವನ್ನು ಕೂಡಿಟ್ಟ ರೀತಿಯಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಬಂದ ಕಾಲದಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ. ಅವುಗಳ ಮೇಲೆ ಕನ್ನಡದ ರೂಪ ತೊಡಿಸುತ್ತಿದ್ದುದು 'ನುಡಿ 01 ಇ'ಯಂಥ ಫಾಂಟು. ಫಾಂಟ್ ಇಲ್ಲದ ಕಡೆ ಆ ಸಂಕೇತ ಬೆತ್ತಲೆಯಾಗಿ ಕಾಣುತ್ತದೆ. ಅಂಥ ಕಡತವನ್ನು ಫಾಂಟ್ ಇಲ್ಲದ ವಿಂಡೋಸಿನಲ್ಲಿ ತೆರೆದರೂ ಅದೇ ಕಥೆ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಫೋನಿಗೆ ಕಳಿಸಿದರೆ ಓದಲು ಬರುವುದಿಲ್ಲ. ಲಿನಕ್ಸಿಗೆ ಹೋಗಿ, ಬಿಡಿ, ನಿಮ್ಮ ಇಪ್ಪತ್ತು ವರ್ಷದ ಬರಹ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಸಂಕೇತಕ್ಕೆ ಬರಲೇಬೇಕು. ಇಲ್ಲವಾದರೆ ನಿಮ್ಮ ಬಳಗದ ಚರಿತ್ರೆ ಇನ್ನೊಂದು ತಲೆಮಾರಿಗೆ ದಕ್ಕುವುದಿಲ್ಲ.

ಈ ಕೆಲಸವನ್ನು ವಿಂಡೋಸ್ ಇರುವಾಗಲೇ ಮಾಡಿ ಮುಗಿಸಿ. ನುಡಿಯಲ್ಲೂ ಬರಹದಲ್ಲೂ ಪರಿವರ್ತಕಗಳಿವೆ. ಒಂದೊಂದು ಸಂಚಿಕೆಯನ್ನು ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆ ಈ ಮೂರು ಕಡೆ ಕಣ್ಣಾಡಿಸಿ, ತಪ್ಪು ನುಸುಳುವುದು ಅಲ್ಲೇ. ಮೂಲ ಕಡತಗಳನ್ನೂ ಅಳಿಸಬೇಡಿ. ಅವುಗಳ ಒಂದು ಪಿಡಿಎಫ್ ಮಾಡಿಟ್ಟುಕೊಂಡರೆ ಮುಂದೆ ತಾಳೆ ನೋಡಲು ಬರುತ್ತದೆ. ನುಡಿಯ ಫಾಂಟ್ ಕಡತವನ್ನು ಲಿನಕ್ಸಿಗೆ ನಕಲಿಸಿ ಹಾಕಿದರೆ ಹಳೆಯ ಕಡತ ಲಿಬ್ರೆ ಆಫೀಸಿನಲ್ಲಿ ಓದುವಷ್ಟು ಮಟ್ಟಿಗೆ ತೆರೆದುಕೊಳ್ಳುತ್ತದೆ, ಪುಟವಿನ್ಯಾಸ ಅಲ್ಲಲ್ಲಿ ಜರುಗಬಹುದು.

ಇನ್ನು ಕೈಬೆರಳಿನ ರೂಢಿ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಆ ಕೀಲಿಮಣೆ ಎಲ್ಲಿಗೂ ಹೋಗಿಲ್ಲ. ಲಿನಕ್ಸಿನಲ್ಲಿ ಐಬಸ್ ಎಂಬ ಬರವಣಿಗೆ ವ್ಯವಸ್ಥೆಗೆ 'ಎಂ17ಎನ್' ಪೊಟ್ಟಣ ಸೇರಿಸಿ ಕನ್ನಡದ ಪಟ್ಟಿ ತೆರೆದರೆ 'ಕೆಜಿಪಿ' ಎಂಬ ಆಯ್ಕೆ ಇದೆ. ಅದೇ ನಿಮ್ಮ ನುಡಿ ವಿನ್ಯಾಸ, ಒತ್ತಕ್ಷರಕ್ಕೆ ನಡುವೆ ಎಫ್ ಒತ್ತುವ ಅಭ್ಯಾಸವೂ ಹಾಗೇ ಉಳಿಯುತ್ತದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ನೇರವಾಗಿ ಸಿಗುವ 'ಕಗಪ' ವಿನ್ಯಾಸವೂ ಒಂದಿದೆ. ಅಲ್ಲಿ ಬಿಡಿ ಸ್ವರಾಕ್ಷರ ಮೂಡಿಸಲು ಬೇರೆ ಕೀಲಿ ಹಿಡಿಯಬೇಕಾಗುವುದರಿಂದ ನುಡಿಯವರಿಗೆ ತೊಡಕೆನಿಸುತ್ತದೆ. ಕೆಜಿಪಿಯನ್ನೇ ಹಾಕಿಕೊಳ್ಳಿ.

ಫಾಂಟಿಗೆ ಬರ ಇಲ್ಲ. ನೋಟೊ ಇದೆ, ಗುಬ್ಬಿ, ನವಿಲು ಇವೆ, ಲೋಹಿತ್ ಕನ್ನಡ ಇದೆ. ಲೋಹಿತ್ ಫಾಂಟುಗಳನ್ನು ವರ್ಷಗಟ್ಟಲೆ ತಿದ್ದಿ ನೋಡಿಕೊಂಡದ್ದು ರೆಡ್ ಹ್ಯಾಟ್‌ನ ಪುಣೆ ಕಚೇರಿಯ ಎಂಜಿನಿಯರುಗಳು. ವಿಂಡೋಸಿನ ತುಂಗಾ, ನಿರ್ಮಲಾ ಮಾತ್ರ ಇಲ್ಲಿ ಬರುವುದಿಲ್ಲ, ಆ ಫಾಂಟ್ ಬಳಸಿದ ಕಡತಗಳಲ್ಲಿ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಒಂದು ಎಚ್ಚರಿಕೆ: ನಿಮ್ಮ ಮುದ್ರಣಾಲಯದವರು ಇನ್ನೂ ಪೇಜ್‌ಮೇಕರ್ ಕಡತವನ್ನೇ ಕೇಳುವವರಾದರೆ ಅವರ ಜೊತೆ ಮೊದಲು ಮಾತಾಡಿ. ಯೂನಿಕೋಡ್ ಪಿಡಿಎಫ್ ಒಪ್ಪಿಕೊಂಡರೆ ನಿಮ್ಮ ದಾರಿ ಸಲೀಸು.

ಪ್ರಶ್ನೆ: ಸರ್, ನಾ ಖರಾಡ್ಯಾಗ ಸಾಫ್ಟ್‌ವೇರ್ ಕಂಪನ್ಯಾಗ ಕೆಲಸಾ ಮಾಡ್ತೀನ್ರಿ. ಅವ್ವ ಅಪ್ಪ ಧಾರವಾಡದಾಗ ಇರ್ತಾರ. ಅವ್ವನ ಕಂಪ್ಯೂಟರ್ ಹಳೇದೈತಿ, 4 ಜಿಬಿ ರ‍್ಯಾಮ್. ದೀಪಾವಳಿಗೆ ಊರಿಗೆ ಹೋದಾಗ ಲಿನಕ್ಸ್ ಹಾಕಿಕೊಟ್ಟು ಬರಬೇಕಂತ ಮಾಡೀನಿ. ನಾ ಬಳಸೋದು ಆರ್ಚ್. ಅದನ್ನ ಹಾಕ್ಲ್ಯೋ ಬ್ಯಾಡೋ? ಏನರ ತ್ರಾಸ ಬಂದ್ರ ಇಲ್ಲಿಂದ ಹ್ಯಾಂಗ ನೋಡೋದು?
(ಸಾಫ್ಟ್‌ವೇರ್ ಎಂಜಿನಿಯರ್, ಖರಾಡಿ)

ಉತ್ತರ: ತಮ್ಮಾ, ಆರ್ಚ್ ಬೇಡ. ಅದರಲ್ಲಿ ಅಪ್‌ಡೇಟ್ ಮಾಡುವ ಮುನ್ನ ಸೂಚನೆ ಓದುವ ಶಿಸ್ತು ಬೇಕು. ನಿನಗೆ ಅದು ಖುಷಿ ಕೊಡುತ್ತದೆ, ಅವ್ವನಿಗೆ ಬೇಕಾದ್ದು ನಿನ್ನೆ ಇದ್ದದ್ದು ಇವತ್ತೂ ಅದೇ ಜಾಗದಲ್ಲಿರುವುದು. 4 ಜಿಬಿಗೆ ಮಿಂಟ್‌ನ 'ಎಕ್ಸ್‌ಎಫ್‌ಸಿಇ' ಆವೃತ್ತಿ ಹಗುರ. ಬ್ರೌಸರಿನಲ್ಲಿ ಟ್ಯಾಬ್ ಬಹಳ ತೆರೆದರೆ ಯಾವ ಲಿನಕ್ಸ್ ಹಾಕಿದರೂ 4 ಜಿಬಿ ಸಾಲುವುದಿಲ್ಲ, ಆದ್ದರಿಂದ ಸಾಧ್ಯವಿದ್ದರೆ ಇನ್ನೊಂದು 4 ಜಿಬಿ ಪಟ್ಟಿ ಕೊಂಡೊಯ್ದು ಕೂರಿಸು.

ಹಾಕುವ ಮೊದಲು ಅರ್ಧ ದಿನ ಅವ್ವನ ಪಕ್ಕ ಕುಳಿತು ಏನೇನು ಮಾಡುತ್ತಾರೆ ಎಂದು ಸುಮ್ಮನೆ ನೋಡು. ನೀನು ಊಹಿಸದ ಕೆಲಸ ಒಂದಾದರೂ ಕಾಣುತ್ತದೆ. ವಾಟ್ಸ್‌ಆ್ಯಪ್‌ಗೆ ಲಿನಕ್ಸಿನಲ್ಲಿ ಕಂಪನಿಯವರದೇ ತಂತ್ರಾಂಶ ಇಲ್ಲ, ಬ್ರೌಸರಿನಲ್ಲೇ ತೆರೆಯಬೇಕು. ಅದಕ್ಕೊಂದು ಚಿತ್ರಗುಂಡಿಯನ್ನು ಮಿಂಟ್‌ನ 'ವೆಬ್ ಆ್ಯಪ್ಸ್'ನಿಂದ ಮಾಡಿ ಕೆಳಪಟ್ಟಿಯಲ್ಲಿಡು. ಪಿಂಚಣಿಯ ಜೀವನ ಪ್ರಮಾಣಪತ್ರವನ್ನು ಆಂಡ್ರಾಯ್ಡ್ ಫೋನಿನಲ್ಲಿ ಮುಖ ತೋರಿಸಿಯೇ ಕೊಡಬಹುದು, ಅದಕ್ಕೆ ಕಂಪ್ಯೂಟರ್ ಬೇಡ. ಅಕ್ಷರದ ಗಾತ್ರ ಹಿಗ್ಗಿಸು. ಅಪ್‌ಡೇಟ್ ತಾನಾಗಿ ಆಗುವಂತೆ ಹೊಂದಿಸು. 'ಟೈಮ್‌ಶಿಫ್ಟ್' ಹಚ್ಚಿಡು, ಏನಾದರೂ ಕೆಟ್ಟರೆ ಹಿಂದಿನ ವಾರದ ಸ್ಥಿತಿಗೆ ಮರಳಬಹುದು. ಅದು ಕಾಪಾಡುವುದು ಸಿಸ್ಟಮ್ ಕಡತಗಳನ್ನು, ಫೋಟೊಗಳಿಗೆ ಬೇರೆ ಬ್ಯಾಕಪ್ ಬೇಕು. ದೂರದಿಂದ ನೋಡಲು ರಸ್ಟ್‌ಡೆಸ್ಕ್ ಅಥವಾ ಎನಿಡೆಸ್ಕ್ ಹಾಕಿ, ಧಾರವಾಡದಲ್ಲಿ ಇರುವಾಗಲೇ ನಿನ್ನ ಫೋನಿನ ಇಂಟರ್ನೆಟ್ಟಿನಿಂದ ಒಮ್ಮೆ ಒಳಹೊಕ್ಕು ಪರೀಕ್ಷಿಸು. ಅಪರಿಚಿತರು ಫೋನಿನಲ್ಲಿ ಆ ಆ್ಯಪಿನ ಸಂಖ್ಯೆ ಕೇಳಿದರೆ ಕೊಡಬಾರದೆಂದು ಅವ್ವನಿಗೂ ಅಪ್ಪನಿಗೂ ಬಿಡಿಸಿ ಹೇಳು.

ಹಬ್ಬದ ಕೊನೆಯ ದಿನ ಹಾಕಿ ರಾತ್ರಿ ಬಸ್ಸು ಹತ್ತಬೇಡ. ಹೋದ ದಿನವೇ ಹಾಕು, ಉಳಿದ ದಿನಗಳಲ್ಲಿ ಅವರೇ ಬಳಸಲಿ, ತಡವರಿಸಿದ ಕಡೆ ಹೇಳಿಕೊಡು. ಹೇಳಿಕೊಟ್ಟದ್ದನ್ನು ಅವ್ವನ ಕೈಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಅವರ ಮಾತಿನಲ್ಲಿ ಬರೆಸು. ನೀನು ಬರೆದುಕೊಟ್ಟದ್ದಕ್ಕಿಂತ ಅದು ಅವರಿಗೆ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ವಾಘೋಲಿಯಲ್ಲಿ ಹಾರ್ಡ್‌ವೇರ್ ಸಾಮಾನಿನ ಅಂಗಡಿ ಇದೆ. ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಜಿಎಸ್‌ಟಿ ಸಹಿಗೆ ಯುಎಸ್‌ಬಿ ಟೋಕನ್ ಬಳಸುತ್ತೇನೆ. ಲೈಸೆನ್ಸ್ ಖರ್ಚು ಉಳಿಯುತ್ತದೆ ಎಂದು ಲಿನಕ್ಸಿಗೆ ಹೋಗೋಣ ಅನ್ನಿಸುತ್ತಿದೆ.
(ವ್ಯಾಪಾರಿ, ವಾಘೋಲಿ)

ಉತ್ತರ: ಹೋಗಬೇಡಿ. ಟ್ಯಾಲಿಪ್ರೈಮ್ ವಿಂಡೋಸಿಗೆಂದೇ ಮಾಡಿದ್ದು. 'ವೈನ್' ಎಂಬ ಪದರದ ಮೇಲೆ ಓಡಿಸಿದವರಿದ್ದಾರೆ, ಆದರೆ ರಿಟರ್ನ್ ತುಂಬುವ ಕೊನೆಯ ದಿನ ಅದು ಕೈಕೊಟ್ಟರೆ ನಿಮ್ಮ ಸಹಾಯಕ್ಕೆ ಯಾರೂ ಬರುವುದಿಲ್ಲ. ಡಿಜಿಟಲ್ ಸಹಿಯ ಕೆಲವು ಟೋಕನ್ನುಗಳಿಗೆ ಲಿನಕ್ಸ್ ಡ್ರೈವರ್ ಉಂಟು, ಎಲ್ಲಕ್ಕೂ ಇಲ್ಲ. ಮ್ಯಾಕ್ರೊ ಇರುವ ಎಕ್ಸೆಲ್ ಹಾಳೆಗಳು ಲಿಬ್ರೆ ಆಫೀಸಿನಲ್ಲಿ ಸರಿಯಾಗಿ ನಡೆಯುತ್ತವೆಂದು ನೆಚ್ಚುವಂತಿಲ್ಲ. ದುಡಿಮೆಯ ಯಂತ್ರಕ್ಕೆ ಬೆಂಬಲವಿರುವ ವಿಂಡೋಸ್ ಇರಲಿ, ಅದಕ್ಕೆ ಖರ್ಚು ಮಾಡಿ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದರೆ ಹಳೆಯದನ್ನು ಮನೆಗೆ ಒಯ್ದು ಅದರಲ್ಲಿ ಲಿನಕ್ಸ್ ಹಾಕಿ.

ಪ್ರಶ್ನೆ: ಮಗಳು ಎಂಟನೇ ತರಗತಿ. ಶಾಲೆಯಲ್ಲಿ ವಿಂಡೋಸ್. ಮನೆಯಲ್ಲಿ ಲಿನಕ್ಸ್ ಹಾಕಿದರೆ ಹಿಂದೆ ಬೀಳುತ್ತಾಳೆಯೆ?
(ತಾಯಿ, ಖರಾಡಿ)

ಉತ್ತರ: ಹಿಂದೆ ಬೀಳುವುದಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳನ್ನೇ ನೋಡಿ. ಕೇರಳ ಸರ್ಕಾರದ ಐಟಿ@ಸ್ಕೂಲ್ ಯೋಜನೆ, 2017ರಿಂದ 'ಕೈಟ್' ಎಂಬ ಸರ್ಕಾರಿ ಕಂಪನಿ, ಶಾಲೆಗಳಿಗೆಂದೇ ಉಬುಂಟು ಆಧರಿಸಿದ ಲಿನಕ್ಸನ್ನು ಸಿದ್ಧಪಡಿಸಿ ಹಂಚಿವೆ. ಅಲ್ಲಿನ ಕನ್ನಡದ ಮಕ್ಕಳು ಕನ್ನಡದ ಐಸಿಟಿ ಪಠ್ಯಪುಸ್ತಕ ಹಿಡಿದು ಅದರಲ್ಲೇ ಜಿಯೊಜೀಬ್ರಾದಲ್ಲಿ ರೇಖಾಗಣಿತ ಬಿಡಿಸುತ್ತಾರೆ, ಲಿಬ್ರೆ ಆಫೀಸಿನಲ್ಲಿ ಬರೆಯುತ್ತಾರೆ, ಪೈಥಾನ್ ಕಲಿಯುತ್ತಾರೆ. ರಾಜ್ಯವೊಂದರ ಶಾಲೆಗಳೆಲ್ಲ ನಡೆದ ದಾರಿ ಅದು. ಅದರ ಫಲವನ್ನು ಗಡಿಯಾಚೆಯ ನಮ್ಮ ಮಕ್ಕಳು ತಮ್ಮ ಭಾಷೆಯಲ್ಲೇ ಉಣ್ಣುತ್ತಿರುವುದು ನನಗೆ ಹೆಮ್ಮೆಯ ವಿಷಯ. ಕರ್ನಾಟಕದಲ್ಲೂ ಅಷ್ಟು ಗಟ್ಟಿಯಾಗಿ ಆಗಬೇಕಿತ್ತು.

ಎರಡು ಬಗೆಯ ಪರದೆ ಕಂಡ ಮಗು ಗುಂಡಿಯ ಜಾಗ ಬಾಯಿಪಾಠ ಮಾಡುವುದನ್ನು ಬಿಟ್ಟು ಕಂಪ್ಯೂಟರ್ ಏನು ಮಾಡುತ್ತದೆ ಎಂದು ಯೋಚಿಸಲು ಕಲಿಯುತ್ತದೆ. ಶಾಲೆಯವರು ಪವರ್‌ಪಾಯಿಂಟ್ ಕಡತವನ್ನೇ ಕೇಳಿದರೆ ಬ್ರೌಸರಿನಲ್ಲಿ ಸಿಗುವ ಮೈಕ್ರೋಸಾಫ್ಟ್ ಆಫೀಸ್ ಬಳಸಲಿ. ಪರೀಕ್ಷೆಗೆ ಮಾತ್ರ ಜಾಗ್ರತೆ: ಸೇಫ್ ಎಕ್ಸಾಮ್ ಬ್ರೌಸರ್‌ನಂಥ, ಪರೀಕ್ಷೆಯ ಹೊತ್ತಿಗೆ ಉಳಿದುದನ್ನೆಲ್ಲ ಬಿಗಿದಿಡುವ ತಂತ್ರಾಂಶ ಲಿನಕ್ಸಿಗೆ ಇಲ್ಲ. ಆನ್‌ಲೈನ್ ಪರೀಕ್ಷೆಗೆ ಕಟ್ಟುವ ಮುನ್ನ ನಿಯಮ ಓದಿಕೊಳ್ಳಿ.

ಪ್ರಶ್ನೆ: ಸರ್, ಗೇಮ್ಸ್ ಆಡಬಹುದಾ? ವ್ಯಾಲರಂಟ್ ಬರುತ್ತಾ?
(ಪಿಯುಸಿ ವಿದ್ಯಾರ್ಥಿ, ಖರಾಡಿ)

ಉತ್ತರ: ವ್ಯಾಲರಂಟ್ ಬರುವುದಿಲ್ಲ, ಅದರ ಮೋಸ ತಡೆಯುವ ವ್ಯವಸ್ಥೆ ವಿಂಡೋಸಿಗೇ ಕಟ್ಟುಬಿದ್ದಿದೆ. ಸ್ಟೀಮ್‌ನಲ್ಲಿರುವ ಬಹಳಷ್ಟು ಆಟ 'ಪ್ರೋಟಾನ್' ಎಂಬ ಪದರದ ಮೂಲಕ ಬರುತ್ತವೆ. ಕೌಂಟರ್-ಸ್ಟ್ರೈಕ್ 2, ಡೋಟಾ 2 ನೇರವಾಗಿಯೇ ಬರುತ್ತವೆ.

ಪ್ರಶ್ನೆ: ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಇದೆ. ನಡೆಯುತ್ತದೆಯೆ?
(ಜೆರಾಕ್ಸ್ ಅಂಗಡಿಯವರು, ಚಂದನನಗರ)

ಉತ್ತರ: ನಮ್ಮ ದೇಶದ ಅಂಗಡಿ, ಕಚೇರಿಗಳಲ್ಲಿ ಎಲ್ಲಿ ನೋಡಿದರೂ ಕಾಣುವ ಪ್ರಿಂಟರ್ ಅದು, ಲಿನಕ್ಸಿನಲ್ಲಿ ಅತಿ ಹೆಚ್ಚು ಗೋಳಾಡಿಸುವುದೂ ಅದೇ. ಕ್ಯಾನನ್‌ನ 'ಕ್ಯಾಪ್ಟ್' ಡ್ರೈವರ್ ಬೇಕು, ಹಾಕುವುದು ಕಷ್ಟ, ಅಪ್‌ಡೇಟ್ ಆದಾಗ ಕೆಡುವುದೂ ಉಂಟು. ದಿನವಿಡೀ ಅದರಲ್ಲೇ ಪ್ರಿಂಟ್ ತೆಗೆದು ಹೊಟ್ಟೆ ಹೊರೆಯುವ ನೀವು ಈ ಯಂತ್ರವನ್ನು ವಿಂಡೋಸಿನಲ್ಲೇ ಇಡಿ. ಮನೆಬಳಕೆಯವರಿಗೆ ಹೇಳುವುದಾದರೆ ಎಚ್‌ಪಿ ಪ್ರಿಂಟರುಗಳಿಗೆ ಕಂಪನಿಯದೇ ಎಚ್‌ಪಿಲಿಪ್ ಇದೆ, ಎಪ್ಸನ್‌ನ ಎಲ್ ಸರಣಿಗೂ ಡ್ರೈವರ್ ಸಿಗುತ್ತದೆ. ಏರ್‌ಪ್ರಿಂಟ್ ಗುರುತು ಇರುವ ವೈಫೈ ಪ್ರಿಂಟರುಗಳನ್ನು ಲಿನಕ್ಸ್ ಸಾಮಾನ್ಯವಾಗಿ ತಾನೇ ಕಂಡುಹಿಡಿದುಕೊಳ್ಳುತ್ತದೆ.

ಪ್ರಶ್ನೆ: ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಹಾಕಿಕೊಂಡೆ. ಈಗ ಲಿನಕ್ಸ್ ಬಳಸಿ ಮತ್ತೆ ವಿಂಡೋಸಿಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ತಂಗಿಯ ಹೊಸ ಲ್ಯಾಪ್‌ಟಾಪಿಗೂ ಹೀಗೇ ಎರಡೂ ಹಾಕಿಕೊಡಲೆ? ಆಫೀಸಿನದಕ್ಕೆ?
(ಓದುಗರು, ಖರಾಡಿ)

ಉತ್ತರ: ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ವೇಳೆಗೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ವೇಳೆ ಎಂದು ಓದುತ್ತದೆ. ನಡುವಿನ ಅಂತರವೇ ನಮ್ಮ ಐದೂವರೆ ಗಂಟೆ. ಲಿನಕ್ಸಿನ ಟರ್ಮಿನಲ್ ತೆರೆದು 'ಟೈಮ್‌ಡೇಟ್‌ಸಿಟಿಎಲ್' ಆಜ್ಞೆಯ 'ಸೆಟ್-ಲೋಕಲ್-ಆರ್‌ಟಿಸಿ' ಆಯ್ಕೆಗೆ 1 ಕೊಟ್ಟರೆ ಸರಿಹೋಗುತ್ತದೆ.

ತಂಗಿಯ ಲ್ಯಾಪ್‌ಟಾಪ್ ಮುಟ್ಟುವ ಮುನ್ನ ಅದರಲ್ಲಿ 'ಬಿಟ್‌ಲಾಕರ್' ಅಥವಾ 'ಡಿವೈಸ್ ಎನ್‌ಕ್ರಿಪ್ಶನ್' ಹಚ್ಚಿದೆಯೆ ನೋಡಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ನಮಗೆ ತಿಳಿಯದೆಯೇ ಹಚ್ಚಿರುವುದುಂಟು. 48 ಅಂಕಿಗಳ ರಿಕವರಿ ಕೀ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ, ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಮುಂದುವರಿಯಬೇಡಿ. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ನಿಲ್ಲಿಸಿ, ಡಿಸ್ಕಿನ ಪಾಲನ್ನು ವಿಂಡೋಸಿನ 'ಡಿಸ್ಕ್ ಮ್ಯಾನೇಜ್‌ಮೆಂಟ್'ನಿಂದಲೇ ಕುಗ್ಗಿಸಿ, ಬ್ಯಾಕಪ್ ಆದ ಮೇಲೆ ಲಿನಕ್ಸ್ ಹಾಕಿ. ಅಷ್ಟಕ್ಕೂ ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ 11 ಇದ್ದು ತಂಗಿಗೆ ಅದೇ ಸಾಕೆನ್ನಿಸಿದರೆ ಬಲವಂತ ಮಾಡಬೇಡಿ.

ಆಫೀಸಿನ ಲ್ಯಾಪ್‌ಟಾಪ್ ಕಂಪನಿಯ ಸ್ವತ್ತು. ಐಟಿ ವಿಭಾಗದ ಲಿಖಿತ ಅನುಮತಿ ಇಲ್ಲದೆ ಅದರಲ್ಲಿ ಪೆನ್‌ಡ್ರೈವಿನಿಂದಲೂ ಬೂಟ್ ಮಾಡಬೇಡಿ.